ಅಭ್ಯರ್ಥಿಯ ಅರ್ಹತೆ ಮತ್ತು ಶಾಲೆಯ ಜನರಲ್ ರಜಿಸ್ಟರ್

(ಕನ್ನಡ ಮಾಧ್ಯಮ ಶಿಕ್ಷಕರ ಪ್ರಶಿಕ್ಷಣ ವರ್ಗ, ಕೊಲ್ಹಾಪುರ: ನಾಗರಿಕಶಾಸ್ತ್ರ ವಿಷಯದ ಉಪನ್ಯಾಸ)



ಎಂಟನೆಯ ಇಯತ್ತೆಯಲ್ಲಿ ಸಂಸತ್ತಿನ ಪಾಠವನ್ನೂ ಹತ್ತನೆಯ ಇಯತ್ತೆಯಲ್ಲಿ ಚುನಾವಣಾ ಪ್ರಕ್ರಿಯೆಯ ಪಾಠವನ್ನೂ ಕಲಿಸುವಾಗ ತಮ್ಮಲ್ಲಿ ಬಹುಪಾಲು ಜನರು ಎದುರಿಸಿರುವ ಒಂದು ಪ್ರಶ್ನೆಯಿದೆ. ಶಾಲೆಯ ಸಿಪಾಯಿಯ ಕೆಲಸಕ್ಕೂ ಇಷ್ಟು ಓದಿರಬೇಕೆಂಬ ನಿಯಮವಿರುವಾಗ, ದೇಶಕ್ಕೆ ಕಾಯ್ದೆ ಮಾಡುವ ಸಂಸದರಿಗೆ ಏಕಿಲ್ಲ? ಪ್ರತಿ ವರ್ಷ ಯಾವನಾದರೊಬ್ಬ ವಿದ್ಯಾರ್ಥಿ ಇದನ್ನು ಕೇಳುತ್ತಾನೆ, ವರ್ಗವೆಲ್ಲ ನಗುತ್ತದೆ, ನಾವೂ ನಗುತ್ತೇವೆ, ಗಂಟೆ ಬಾರಿಸುತ್ತದೆ. ನಾನೂ ಬಹಳ ವರ್ಷ ಹಾಗೆಯೇ ನಕ್ಕವನು. ಆ ನಗೆ ಸರಿಯಾದ ಉತ್ತರವಲ್ಲವೆಂದು ನನಗೆ ತಡವಾಗಿ ತಿಳಿಯಿತು. ಹೇಗೆ ತಿಳಿಯಿತೆಂಬುದನ್ನು ಮುಂದೆ ನಿವೇದಿಸುತ್ತೇನೆ. ಮೊದಲು ಕಾಯ್ದೆ ಏನು ಹೇಳುತ್ತದೆಂಬುದನ್ನು ನೋಡೋಣ.

ಸಂವಿಧಾನದ 84ನೆಯ ಅನುಚ್ಛೇದವು ಕೇಳುವುದು ಬಹಳ ಸ್ವಲ್ಪ. ಅಭ್ಯರ್ಥಿಯು ಭಾರತದ ನಾಗರಿಕನಾಗಿರಬೇಕು. ಲೋಕಸಭೆಗೆ 25 ವರ್ಷ, ರಾಜ್ಯಸಭೆಗೆ 30 ವರ್ಷ ತುಂಬಿರಬೇಕು. ಸಂವಿಧಾನಕ್ಕೆ ನಿಷ್ಠನಾಗಿದ್ದು ದೇಶದ ಸಾರ್ವಭೌಮತ್ವ ಹಾಗೂ ಅಖಂಡತೆಯನ್ನು ಎತ್ತಿ ಹಿಡಿಯುವೆನೆಂಬ ಪ್ರತಿಜ್ಞೆಯನ್ನು ನಾಮಪತ್ರದ ವೇಳೆಗೆ ಸ್ವೀಕರಿಸಬೇಕು. ಇದು 1963ರಲ್ಲಿ 16ನೆಯ ತಿದ್ದುಪಡಿಯಿಂದ ಸೇರಿದ್ದು. ಉಳಿದುದನ್ನು ಸಂಸತ್ತು ಕಾಯ್ದೆಯ ಮೂಲಕ ಗೊತ್ತುಪಡಿಸಬಹುದು. ಹಾಗೆ ಬಂದ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯು, ಅಭ್ಯರ್ಥಿಯು ದೇಶದ ಯಾವುದಾದರೊಂದು ಲೋಕಸಭಾ ಕ್ಷೇತ್ರದ ಮತದಾರನಾಗಿರಬೇಕೆಂದು ಹೇಳುತ್ತದೆ. ಸ್ಪರ್ಧಿಸುವ ಕ್ಷೇತ್ರದಲ್ಲಿಯೇ ಮತದಾರನಾಗಿರಬೇಕೆಂದು ಅನೇಕ ಶಿಕ್ಷಕರು ಕಲಿಸುತ್ತಾರೆ, ದಯವಿಟ್ಟು ತಿದ್ದಿಕೊಳ್ಳಬೇಕು. ಗಡಹಿಂಗ್ಲಜದ ಮತದಾರನು ಹಾತಕಣಂಗಲೆಯಲ್ಲಿ ಮಾತ್ರವಲ್ಲ, ದೂರದ ಕಾಸರಗೋಡಿನಲ್ಲಿಯೂ ನಿಲ್ಲಬಹುದು. ಮೀಸಲು ಕ್ಷೇತ್ರವಾದರೆ ಆ ವರ್ಗಕ್ಕೆ ಸೇರಿದವನಾಗಿರಬೇಕು, ಅಷ್ಟೆ.

ಇನ್ನು ಅನರ್ಹತೆಗಳು 102ನೆಯ ಅನುಚ್ಛೇದದಲ್ಲಿವೆ: ಸರ್ಕಾರದ ಲಾಭದಾಯಕ ಹುದ್ದೆ, ನ್ಯಾಯಾಲಯವು ಘೋಷಿಸಿದ ಬುದ್ಧಿವಿಕಲತೆ, ತೀರದ ದಿವಾಳಿತನ, ಪರದೇಶದ ಪೌರತ್ವ. ಕಾಯ್ದೆಯ 8ನೆಯ ಕಲಮಿನಂತೆ 2 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಾದವನು ಶಿಕ್ಷೆಯ ಕಾಲದಲ್ಲಿಯೂ ಬಿಡುಗಡೆಯ ನಂತರ 6 ವರ್ಷವೂ ಅನರ್ಹನು. ಹಾಲಿ ಸದಸ್ಯರು ಮೇಲ್ಮನವಿ ಸಲ್ಲಿಸಿ ಸ್ಥಾನ ಉಳಿಸಿಕೊಳ್ಳುವ ರಿಯಾಯಿತಿಯೊಂದು ಇತ್ತು. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. ಈ ಎಲ್ಲ ಪಟ್ಟಿಯಲ್ಲಿ ಶಿಕ್ಷಣದ ಮಾತು ಎಲ್ಲಿಯೂ ಇಲ್ಲ.

ಇದು ಮರೆತುಹೋಗಿ ಬಿಟ್ಟದ್ದಲ್ಲ. 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸುವ ಮುನ್ನ ಅಧ್ಯಕ್ಷರಾದ ಬಾಬು ರಾಜೇಂದ್ರ ಪ್ರಸಾದರು ಸಭೆಯೆದುರು ತಮ್ಮ ಎರಡು ವಿಷಾದಗಳನ್ನು ಹೇಳಿಕೊಂಡರು. ಮೊದಲನೆಯದು ನಮ್ಮ ವಿದ್ಯಾರ್ಥಿಯ ಪ್ರಶ್ನೆಯೇ: ಕಾಯ್ದೆಯನ್ನು ನಡೆಸುವವರಿಗೆ ದೊಡ್ಡ ಅರ್ಹತೆಗಳನ್ನು ಕೇಳುವ ನಾವು, ಕಾಯ್ದೆಯನ್ನು ಮಾಡುವವರಿಗೆ ಆರಿಸಿ ಬರುವುದೊಂದರ ಹೊರತು ಬೇರೇನನ್ನೂ ಕೇಳದಿರುವುದು ಸುಸಂಗತವಲ್ಲವೆಂದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಶಾಸನಕಾರನಿಗೆ ಬುದ್ಧಿಯ ಸಾಮಗ್ರಿಗಿಂತ ಸಮತೋಲದ ದೃಷ್ಟಿ, ಸ್ವತಂತ್ರ ವೃತ್ತಿ, ಶೀಲ ಇವು ಹೆಚ್ಚು ಬೇಕು. ಶೀಲವನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ ಎಂಬ ಅಭಿಪ್ರಾಯವನ್ನೂ ಕೂಡಿಸಿದರು. ಅವರ ಎರಡನೆಯ ವಿಷಾದವು ಸ್ವತಂತ್ರ ಭಾರತದ ಸಂವಿಧಾನವನ್ನು ಭಾರತೀಯ ಭಾಷೆಯೊಂದರಲ್ಲಿ ರಚಿಸಲಾಗಲಿಲ್ಲವೆಂಬುದು. ನಾವು ಭಾಷಾ ಅಲ್ಪಸಂಖ್ಯಾತರ ಶಾಲೆಗಳವರು. ಈ ಎರಡು ವಿಷಾದಗಳು ಒಂದೇ ಉಸಿರಿನಲ್ಲಿ ಬಂದುದನ್ನು ನಾವು ಗಮನಿಸಬೇಕು.

ಆ ಸಭೆಯಲ್ಲಿ ಕೊಲ್ಹಾಪುರ ಸೀಮೆಯ ಪರವಾಗಿ ಕುಳಿತವರು ಶಿರೋಳ ತಾಲೂಕಿನ ನಿಮಶಿರಗಾಂವದ ರತ್ನಾಪ್ಪಣ್ಣಾ ಕುಂಭಾರರು. ಮುಂದೆ ಇಚಲಕರಂಜಿಯ ಪಂಚಗಂಗಾ ಸಹಕಾರಿ ಸಕ್ಕರೆ ಕಾರಖಾನೆಯನ್ನು ಕಟ್ಟಿದವರು ಅವರೇ. ಸಂವಿಧಾನ ಸಭೆಯ ಪಾಠವನ್ನು ದೂರದ ದಿಲ್ಲಿಯ ಕಥೆಯಾಗಿಸದೆ, ನಿಮಶಿರಗಾಂವದಿಂದ ಆರಂಭಿಸಿ ನೋಡಿರಿ. ಮಕ್ಕಳ ಕಣ್ಣು ಅಗಲವಾಗುತ್ತವೆ.

ಸಭೆಯು ಶಿಕ್ಷಣದ ಷರತ್ತನ್ನು ಏಕೆ ಹಾಕಲಿಲ್ಲ? ಅದಕ್ಕೂ ಮೊದಲಿನ ಅನುಭವವನ್ನು ನೆನೆಯಬೇಕು. 1935ರ ಭಾರತ ಸರ್ಕಾರ ಕಾಯ್ದೆಯ ಕಾಲದಲ್ಲಿ ಮತ ಹಾಕುವುದಕ್ಕೇ ತೆರಿಗೆ, ಆಸ್ತಿ, ಓದು ಇವುಗಳ ಷರತ್ತು ಇತ್ತು. ದೇಶದ ಸಣ್ಣದೊಂದು ಭಾಗಕ್ಕೆ ಮಾತ್ರ ಮತ ದೊರೆತಿತ್ತು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸು, ಸ್ತ್ರೀಯರಲ್ಲಿ ಶೇಕಡಾ 9ಕ್ಕೂ ಕಡಿಮೆ. ಓದನ್ನು ಕೇಳಿದ್ದರೆ ನೂರರಲ್ಲಿ 91 ಸ್ತ್ರೀಯರಿಗೆ ಸಂಸತ್ತಿನ ಬಾಗಿಲು ಅಂದೇ ಮುಚ್ಚಿಹೋಗುತ್ತಿತ್ತು. ಅವರನ್ನು ಶಾಲೆಗೆ ಕಳಿಸದವರು ಅವರಲ್ಲ. ರಾಜ್ಯವು ತಾನು ಕೊಡದ ವಸ್ತುವನ್ನು ಪ್ರಜೆಯಿಂದ ಕೇಳಿದಂತೆ ಆಗುತ್ತಿತ್ತು. ನಮ್ಮ ಕೊಲ್ಹಾಪುರದಲ್ಲಿ ರಾಜರ್ಷಿ ಶಾಹೂ ಮಹಾರಾಜರು 1917ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಸಕ್ತಿಯದನ್ನಾಗಿಯೂ ಉಚಿತವನ್ನಾಗಿಯೂ ಮಾಡಿದ್ದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಮೊದಲು ಕೊಡುವುದು, ಆಮೇಲೆ ಕೇಳುವುದು, ಅದು ರಾಜಧರ್ಮದ ಕ್ರಮ.

ಓದು ಕಡಿಮೆಯಿದ್ದೂ ಆಡಳಿತ ಬಲ್ಲವರ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಕೃಷ್ಣೆಯ ಆಚೆಗಿನ ಸಾಂಗಲಿಯ ವಸಂತದಾದಾ ಪಾಟೀಲರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಸ್ವಾತಂತ್ರ್ಯ ಸಂಗ್ರಾಮದಲ್ಲಿ 1943ರಲ್ಲಿ ಸಾಂಗಲಿಯ ಜೈಲನ್ನು ಒಡೆದು ಹೊರಬಂದವರು, ಸಹಕಾರಿ ಕಾರಖಾನೆ ಕಟ್ಟಿದವರು, ಮುಖ್ಯಮಂತ್ರಿಯಾದವರು. 1983ರಲ್ಲಿ ವಿನಾಅನುದಾನದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆದದ್ದು ಅವರ ಸರ್ಕಾರವೇ. ಅದರ ಒಳಿತು ಕೆಡಕುಗಳ ಚರ್ಚೆ ಬೇರೆ. ತಾವು ಕಾಲೇಜು ನೋಡದವರು ಕಾಲೇಜುಗಳ ನಕ್ಷೆಯನ್ನೇ ಬದಲಿಸಿದರು. ಮದರಾಸಿನ ಕಾಮರಾಜರು ಬಾಲ್ಯದಲ್ಲಿಯೇ ಶಾಲೆ ಬಿಟ್ಟವರು. ಮುಖ್ಯಮಂತ್ರಿಯಾಗಿ ಹಳ್ಳಿಹಳ್ಳಿಗೂ ಶಾಲೆ, ಶಾಲೆಗೆ ಮಧ್ಯಾಹ್ನದ ಊಟ ಕೊಟ್ಟರು. ಓದದವರೆಲ್ಲ ವಸಂತದಾದಾ ಆಗುವುದಿಲ್ಲವೆಂದು ತಾವು ಹೇಳಬಹುದು. ನಿಜ. ಓದಿದವರೆಲ್ಲ ಏನಾಗಿದ್ದಾರೆಂಬುದನ್ನೂ ನಾವು ನೋಡಿದ್ದೇವೆ.

ನಮ್ಮ ವೃತ್ತಿಗೇ ಸೇರಿದ ಒಂದು ವಿಚಿತ್ರವನ್ನೂ ಹೇಳಬೇಕು. ವಿಧಾನ ಪರಿಷತ್ತಿಗೆ ಪುಣೆ ವಿಭಾಗದ ಶಿಕ್ಷಕರ ಮತಕ್ಷೇತ್ರವಿದೆ; ಕೊಲ್ಹಾಪುರ ಜಿಲ್ಲೆ ಅದರಲ್ಲಿದೆ. 171ನೆಯ ಅನುಚ್ಛೇದದಂತೆ ಅಲ್ಲಿ ಮತ ಹಾಕಲು ಮಾಧ್ಯಮಿಕ ಹಂತಕ್ಕಿಂತ ಕೆಳಗಿಲ್ಲದ ಸಂಸ್ಥೆಯಲ್ಲಿ ಕನಿಷ್ಠ 3 ವರ್ಷ ಶಿಕ್ಷಕನಾಗಿರಬೇಕು. ಅಂದರೆ ಇಲ್ಲಿ ಕುಳಿತಿರುವ ಪ್ರಾಥಮಿಕ ಶಿಕ್ಷಕರಿಗೆ ಮತವಿಲ್ಲ. ಆದರೆ ಸ್ಪರ್ಧಿಸುವವನು ಶಿಕ್ಷಕನಾಗಿರಬೇಕೆಂಬ ಷರತ್ತಿಲ್ಲ! ಮದರಾಸಿನ ಪದವೀಧರರ ಕ್ಷೇತ್ರದಿಂದ ಪದವೀಧರನಲ್ಲದವನೊಬ್ಬನು ಆರಿಸಿ ಬಂದಾಗ, ಅಭ್ಯರ್ಥಿಯು ಪದವೀಧರನಾಗಿರಬೇಕಿಲ್ಲವೆಂದು 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆರಿಸುವವರ ಅರ್ಹತೆ ಬೇರೆ, ಆರಿಸಿ ಬರುವವರ ಅರ್ಹತೆ ಬೇರೆ ಎಂಬ ಭೇದವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ಬರೆಯದ ಅರ್ಹತೆಯೊಂದು ಹಣದ್ದು. ಇದರ ಕಥೆ ನಮ್ಮ ಪಕ್ಕದಲ್ಲಿಯೇ ನಡೆದಿದೆ. ಗಡಹಿಂಗ್ಲಜದಿಂದ ಸಂಕೇಶ್ವರದ ಮೇಲೆ ಹಾಯ್ದು ನಾವು ಸಂತೆಗೆ, ಮದುವೆಗೆ ಹೋಗುವ ಬೆಳಗಾವಿಯಲ್ಲಿ, 1996ರ ಲೋಕಸಭಾ ಚುನಾವಣೆಗೆ 456 ಅಭ್ಯರ್ಥಿಗಳು ನಿಂತರು. ಗಡಿ ಪ್ರಶ್ನೆಯ ಪ್ರತಿಭಟನೆಯಾಗಿ ನೂರಾರು ಜನರು ನಾಮಪತ್ರ ಸಲ್ಲಿಸಿದ್ದರು. ಅದೇ ವರ್ಷ ಆಂಧ್ರದ ನಲಗೊಂಡದಲ್ಲಿ 480 ಜನ. ಆಗ ಲೋಕಸಭೆಯ ಠೇವಣಿ ಕೇವಲ 500 ರೂಪಾಯಿ. ಈ ಅನುಭವದ ಬಳಿಕ ಕಾಯ್ದೆ ತಿದ್ದಿ ಠೇವಣಿಯನ್ನು 10,000ಕ್ಕೆ ಏರಿಸಲಾಯಿತು. ಮನ್ನಣೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ 10 ಜನ ಬೇಕೆಂದಾಯಿತು. 2009ರ ತಿದ್ದುಪಡಿಯಿಂದ ಠೇವಣಿ 25,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಮತಪತ್ರವು ಪುಸ್ತಕದಂತಾಗುವುದನ್ನು ತಡೆಯಬೇಕೆಂಬುದು ಸಮಂಜಸವೇ. ಆದರೂ ಇಚಲಕರಂಜಿಯ ಪಾವರ್‌ಲೂಮಿನಲ್ಲಿ ರಾತ್ರಿಪಾಳಿ ಮಾಡುವ ಕಾಮಗಾರನಿಗೆ ಆ ಮೊತ್ತ ಎಂತಹ ಗೋಡೆಯೆಂಬುದನ್ನು, ಅವನ ಮಕ್ಕಳಿಗೆ ಪಾಠ ಹೇಳುವ ನಾವು ಬಲ್ಲೆವು. ಇಲ್ಲಿ ಗಣಿತದ ಶಿಕ್ಷಕರಿಗೂ ಕೆಲಸವಿದೆ. ಸಿಂಧು ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಪಡೆಯದೆ ಸೋತವನ ಠೇವಣಿ ಮುಟ್ಟುಗೋಲಾಗುತ್ತದೆ. 13,20,000 ಸಿಂಧು ಮತಗಳು ಬಿದ್ದಿವೆಯೆಂದುಕೊಳ್ಳಿರಿ. 2,20,000 ಮತ ಪಡೆದವನ ಠೇವಣಿ ಉಳಿಯಿತೇ? ಉಳಿಯಲಿಲ್ಲ, ಇನ್ನೊಂದು ಮತ ಬೇಕಾಗಿತ್ತು. ಮಕ್ಕಳು ಇದರಲ್ಲಿ ತಪ್ಪುವುದನ್ನೂ ತಪ್ಪು ತಿಳಿದು ನಗುವುದನ್ನೂ ನಾನು ಆನಂದದಿಂದ ನೋಡಿದ್ದೇನೆ.

ಈಗ ಆರಂಭದಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಸಂಸತ್ತು ಓದನ್ನು ಕೇಳದಿದ್ದರೂ ಕೆಲವು ರಾಜ್ಯಗಳು ಹಳ್ಳಿಯಲ್ಲಿ ಕೇಳತೊಡಗಿದವು. ರಾಜಸ್ಥಾನವು 2014ರ ಕೊನೆಯಲ್ಲಿ ಪಂಚಾಯತಿ ಅಭ್ಯರ್ಥಿಗಳಿಗೆ ಓದಿನ ಷರತ್ತು ಹಾಕಿತು. 2015ರಲ್ಲಿ ಹರಿಯಾಣವು ಸಾಮಾನ್ಯ ವರ್ಗದ ಪುರುಷರಿಗೆ 10ನೆಯ, ಸ್ತ್ರೀಯರಿಗೂ ಪರಿಶಿಷ್ಟ ಜಾತಿಯ ಪುರುಷರಿಗೂ 8ನೆಯ ಇಯತ್ತೆ ಪಾಸಾಗಿರಬೇಕೆಂದಿತು. ಅದೇ ವರ್ಷದ ಡಿಸೆಂಬರ್ 10ರಂದು ರಾಜಬಾಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಒಳಿತು ಕೆಡಕುಗಳನ್ನು ವಿವೇಚಿಸುವ ಶಕ್ತಿ ಬರುವುದು ಶಿಕ್ಷಣದಿಂದಲೇ ಎಂಬುದು ಆ ತೀರ್ಪಿನ ಒಂದು ನೆಲೆ. ತೀರ್ಪಿಗೆ ತಲೆಬಾಗುತ್ತೇನೆ. ಆದರೆ ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿಯ ವಿವೇಚನೆಯನ್ನು ಉಂಡು ಬೆಳೆದವನಾದ್ದರಿಂದ ಆ ಒಂದು ಮಾತನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ರಾಜಸ್ಥಾನವು 2019ರಲ್ಲಿ ತನ್ನ ಷರತ್ತನ್ನು ಹಿಂತೆಗೆದುಕೊಂಡಿತು.

ನಮ್ಮ ಮಹಾರಾಷ್ಟ್ರವು 2017ರಲ್ಲಿ ಸರಪಂಚರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ತಂದಾಗ ಒಂದು ಮಧ್ಯಮ ಮಾರ್ಗವನ್ನು ಹಿಡಿಯಿತು. 1995ರ ಜನವರಿ 1ರಂದು ಅಥವಾ ಆ ನಂತರ ಹುಟ್ಟಿದವರು ಮಾತ್ರ 7ನೆಯ ಇಯತ್ತೆ ಪಾಸಾಗಿರಬೇಕು. ಅದಕ್ಕೂ ಮೊದಲು ಹುಟ್ಟಿದವರಿಗೆ ಷರತ್ತಿಲ್ಲ. ಹಿರಿಯರಿಗೆ ಶಾಲೆ ದೊರೆಯದಿದ್ದಿರಬಹುದು, ಕಿರಿಯರಿಗೆ ದೊರೆತಿದೆ ಎಂಬುದು ಇದರ ತರ್ಕ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ನನಗೂ ಕಂಡಿತ್ತು.

2022ರ ಕೊನೆಯಲ್ಲಿ ಗ್ರಾಮ ಪಂಚಾಯತಿಗಳ ಚುನಾವಣೆ ಬಂದಿತ್ತು. ಗಡಹಿಂಗ್ಲಜ ತಾಲೂಕಿನ ಒಂದು ಶಾಲೆಗೆ ನಾನು ಭೇಟಿಗೆ ಹೋಗಿದ್ದೆ. ಒಂದು ಕಾಲದಲ್ಲಿ ನಾನೇ ಕಲಿಸಿದ ಶಾಲೆ. ಮುಖ್ಯಾಧ್ಯಾಪಕರ ಕೋಣೆಗೆ ಒಬ್ಬ ಹೆಣ್ಣುಮಗಳು ಬಂದಳು. "ಗುರುಜಿ, ಏಳನೇತ್ತಾ ಪಾಸ್ ಆಗೀನಿ ಅಂತ ಒಂದು ದಾಖಲಾ ಬೇಕಾಗಿತ್ರಿ," ಎಂದಳು. ಊರಿನ ಸರಪಂಚ ಸ್ಥಾನ ಸ್ತ್ರೀಯರಿಗೆ ಬಂದಿತ್ತು. ಈಕೆ ಬಚತ್ ಗಟದ ಜಮಾಖರ್ಚು ನೋಡುವವಳು. ಮನೆಯಲ್ಲಿ ಕನ್ನಡ, ಲೆಕ್ಕ ಮಾತ್ರ ಚೊಕ್ಕ ಮರಾಠಿಯಲ್ಲಿ. ಊರವರೇ ನಿಲ್ಲೆಂದು ಹೇಳಿದ್ದರು. ಮುಖ್ಯಾಧ್ಯಾಪಕರು ಜನರಲ್ ರಜಿಸ್ಟರ್ ತೆಗೆದರು. ಹುಟ್ಟಿದ್ದು 1996. ಶಾಲೆ ಬಿಟ್ಟದ್ದು ಆರನೆಯ ಇಯತ್ತೆ. ಬಿಟ್ಟ ಕಾರಣದ ಕಾಲಮಿನಲ್ಲಿ "ಸತತ ಗೈರುಹಾಜರಿ". ಆ ಅಕ್ಷರಗಳು ನನ್ನವು.

ಆಗ ಅವಳ ತಂದೆ ಮಗ್ಗದ ಕೆಲಸ ಹುಡುಕಿ ಇಚಲಕರಂಜಿಗೆ ಹೋಗಿದ್ದನು. ದೀಪಾವಳಿಯ ಬಳಿಕ ಕುಟುಂಬವೂ ಹೋಯಿತು. ಯಾರೂ ದಾಖಲೆ ಕೇಳಲು ಬರಲಿಲ್ಲ. ನಾನೂ ಎಲ್ಲಿಗೆ ಹೋದಿರೆಂದು ಕೇಳಲಿಲ್ಲ. ಇಚಲಕರಂಜಿಯಲ್ಲಿ ಕನ್ನಡ ಶಾಲೆಯಿದೆಯೆಂದು ಅವರಿಗೆ ತಿಳಿಯದು, ತಿಳಿಸಬೇಕಾದವನು ನಾನಾಗಿದ್ದೆ. ಪಟ ಸ್ವಚ್ಛವಾಗಿರಲೆಂದು ಹೆಸರು ಕಡಿದೆ. ಒಂದೂವರೆ ವರ್ಷದ ಮೇಲೆ ಅವರು ಮರಳಿ ಬಂದಾಗ ಆಕೆ ಆರನೆಯ ಇಯತ್ತೆಗೆ ದೊಡ್ಡವಳಾಗಿದ್ದಳು, ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಷ್ಟರಲ್ಲಿ ಆಕೆಯ ವಯಸ್ಸು ಹದಿನಾಲ್ಕಕ್ಕೆ ಬಂದಿತ್ತು.

ಮುಖ್ಯಾಧ್ಯಾಪಕರು ನನ್ನ ಮುಖ ನೋಡಿದರು, ನಾನು ರಜಿಸ್ಟರ್ ನೋಡಿದೆ. ತಿದ್ದುವುದು ಸಾಧ್ಯವಿರಲಿಲ್ಲ, ತಿದ್ದಬಾರದು. ಆಕೆ ಸ್ವಲ್ಪ ಹೊತ್ತು ನಿಂತು, "ಇರಲಿ ಬಿಡ್ರಿ ಗುರುಜಿ, ಅತ್ತೀನ ನಿಲ್ಲಸ್ತೀವಿ," ಎಂದು ಹೊರಟಳು. ಅತ್ತೆ ಹೆಬ್ಬೆಟ್ಟಿನವರು. ಆದರೆ 1995ಕ್ಕಿಂತ ಮೊದಲು ಹುಟ್ಟಿದವರಾದ್ದರಿಂದ ಕಾಯ್ದೆಯ ಪ್ರಕಾರ ಅರ್ಹರು.

ಬಸ್ಸಿನಲ್ಲಿ ಮರಳುವಾಗ ನನಗೊಂದು ಲೆಕ್ಕ ಹೊಳೆಯಿತು. ಆಕೆಗೆ 25 ತುಂಬಿತ್ತು. ಮತದಾರರ ಯಾದಿಯಲ್ಲಿ ಹೆಸರಿತ್ತು. ಅಂದರೆ ತನ್ನ ಊರಿನ ಸರಪಂಚಳಾಗಲು ಅನರ್ಹಳಾದ ಆ ಹೆಣ್ಣುಮಗಳು ಕೊಲ್ಹಾಪುರ ಕ್ಷೇತ್ರದಿಂದ ಲೋಕಸಭೆಗೆ ನಿಲ್ಲಲು ಪೂರ್ಣ ಅರ್ಹಳು. ಸಂವಿಧಾನ ಸಭೆಯು ಅವಳ ಮೇಲೆ ಇಟ್ಟ ವಿಶ್ವಾಸವನ್ನು ಗ್ರಾಮ ಪಂಚಾಯತಿ ಇಡಲಿಲ್ಲ; ಆ ಅವಿಶ್ವಾಸಕ್ಕೆ ಪುರಾವೆ ಒದಗಿಸಿದ್ದು ನನ್ನ ಷರಾ. ಸಂಸದರಿಗೂ ಓದು ಕಡ್ಡಾಯವಾಗಲೆಂದು ನಾವು ವರ್ಗದಲ್ಲಿ ಹೇಳುವಾಗ, ಆ ಷರತ್ತು ತಡೆಯುವುದು ನಮ್ಮ ಮನಸ್ಸಿನಲ್ಲಿರುವ ಅಯೋಗ್ಯನನ್ನಲ್ಲ. ಅವನು ಎಲ್ಲಿಂದಲಾದರೂ ಪದವಿ ತಂದುಕೊಳ್ಳುತ್ತಾನೆ. ತಡೆಯುವುದು ನಮ್ಮ ಪಟದಿಂದ ಜಾರಿಹೋದ ಮಗುವನ್ನು.

ಹಾಗಾದರೆ ಯೋಗ್ಯಾಯೋಗ್ಯತೆಯನ್ನು ನೋಡುವವರು ಯಾರು? ಸಂವಿಧಾನವು ಅದನ್ನು ಮತದಾರನಿಗೆ ಬಿಟ್ಟಿದೆ. ಅವನಿಗೆ ಬೇಕಾದ ಮಾಹಿತಿಯನ್ನು ದೊರಕಿಸಿದ್ದು ಸರ್ವೋಚ್ಚ ನ್ಯಾಯಾಲಯ. 2002ರ ಮೇ 2ರ ಮತ್ತು 2003ರ ಮಾರ್ಚ್ 13ರ ತೀರ್ಪುಗಳ ಫಲವಾಗಿ ಪ್ರತಿಯೊಬ್ಬ ಅಭ್ಯರ್ಥಿಯು ತನ್ನ ಮೇಲಿನ ಫೌಜದಾರಿ ಖಟ್ಲೆಗಳು, ಆಸ್ತಿ, ಸಾಲ, ಶಿಕ್ಷಣ ಇವುಗಳನ್ನು 26ನೆಯ ನಮೂನೆಯ ಪ್ರತಿಜ್ಞಾಪತ್ರದಲ್ಲಿ ತಿಳಿಸಬೇಕು. ಶಿಕ್ಷಣ ಇಲ್ಲಿ ಷರತ್ತಾಗಿ ಬಾರದೆ ಮಾಹಿತಿಯಾಗಿ ಬರುತ್ತದೆ. ಬೆಲೆ ಕಟ್ಟುವುದು ಮತದಾರನ ಕೆಲಸ. ಚುನಾವಣಾ ಆಯೋಗವು ಈ ಪ್ರತಿಜ್ಞಾಪತ್ರಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ನಮ್ಮ ಭಾಗದಲ್ಲಿ ಅವು ಬಹುಮಟ್ಟಿಗೆ ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿರುತ್ತವೆ. ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ಅಜ್ಜಿಗೆ ಅದನ್ನು ಓದಿ ಹೇಳಬಲ್ಲ ಒಬ್ಬಳೇ ವ್ಯಕ್ತಿ ನಮ್ಮ ಎಂಟನೆಯ ಇಯತ್ತೆಯ ಹುಡುಗಿ. ಆಕೆಗೆ "ಸ್ಥಾವರ", "ಜಂಗಮ", "ದೋಷಾರೋಪ", "ದೋಷಸಿದ್ಧಿ" ಎಂಬ ಮಾತುಗಳ ಅರ್ಥಭೇದ ಗೊತ್ತಿರಬೇಕು. ಆರೋಪ ಹೊತ್ತವನಿಗೂ ಶಿಕ್ಷೆ ಹೊಂದಿದವನಿಗೂ ಇರುವ ಅಂತರವನ್ನು ಪಾಠದಲ್ಲಿ ಎರಡು ತಾಸು ಕೊಟ್ಟಾದರೂ ಕಲಿಸಬೇಕು.

ಭಾಷೆಯ ವಿಷಯದಲ್ಲಿ ಒಂದು ಮಾತು. ಸಂಸದನಾಗಲು ಇಂತಹ ಭಾಷೆ ಬರಬೇಕೆಂಬ ಷರತ್ತೂ ಇಲ್ಲ. 120ನೆಯ ಅನುಚ್ಛೇದವು ಹಿಂದಿ, ಇಂಗ್ಲಿಷ್ ಎಂದು ಹೇಳಿ, ಅವುಗಳಲ್ಲಿ ಸರಿಯಾಗಿ ಹೇಳಲಾಗದ ಸದಸ್ಯನು ಸಭಾಪತಿಯ ಅನುಮತಿಯಿಂದ ತನ್ನ ಮಾತೃಭಾಷೆಯಲ್ಲಿ ಮಾತನಾಡಬಹುದೆಂದು ಕೂಡಿಸುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ಏನು ಎಂದು ಕೇಳುವ ಪಾಲಕರಿಗೆ ಈ ಒಂದು ಉತ್ತರವನ್ನೂ ಇಟ್ಟುಕೊಳ್ಳಿರಿ.

ಮಧ್ಯಾಹ್ನದ ಅಧಿವೇಶನದ ಕುರಿತು ಸೂಚನೆ. ಹಿಂದಿನ ಚುನಾವಣೆಗಳ ಕೆಲವು ಪ್ರತಿಜ್ಞಾಪತ್ರಗಳನ್ನು ಹೆಸರು, ಪಕ್ಷ, ಭಾವಚಿತ್ರ ಮುಚ್ಚಿ ಝೆರಾಕ್ಸ್ ಮಾಡಿಸಿದ್ದೇನೆ. ನಾವು ಚುನಾವಣೆಯ ಕೆಲಸ ಮಾಡುವ ನೌಕರರು. ಹೆಸರು ಮುಚ್ಚುವುದನ್ನು ವರ್ಗದಲ್ಲಿಯೂ ಮರೆಯಬಾರದು, ಚುನಾವಣೆ ಘೋಷಣೆಯಾದ ಮೇಲೆ ಈ ಪಾಠವನ್ನು ಮಾಡಲೂ ಬಾರದು. ಗುಂಪುಗಳಲ್ಲಿ ಕುಳಿತು ಅವನ್ನು ಕನ್ನಡಕ್ಕೆ ತಂದು ನೋಡೋಣ. ಗುಂಪು ಮಾಡುವಾಗ ಇಚಲಕರಂಜಿಯವರೂ ಗಡಹಿಂಗ್ಲಜದವರೂ ಬೆರೆತು ಕುಳಿತುಕೊಳ್ಳಬೇಕೆಂದು ನನ್ನ ವಿನಂತಿ. ಈ ವರ್ಷ ದಾಖಲೆ ಕೇಳದೆ ಊರು ಬಿಟ್ಟ ಮಕ್ಕಳ ಹೆಸರು, ತಂದೆ ಕೆಲಸಕ್ಕೆ ಹೋದ ಪೇಟೆ ಇವುಗಳನ್ನು ಗಡಹಿಂಗ್ಲಜದ ಶಿಕ್ಷಕರು ಒಂದು ಹಾಳೆಯಲ್ಲಿ ಬರೆದು ತಂದಿದ್ದಾರೆ. ಇಚಲಕರಂಜಿಯವರು ಆ ಹಾಳೆಯನ್ನು ಇಂದೇ ತೆಗೆದುಕೊಂಡು ಹೋಗಬೇಕು.